ಬಿಳಿ ಚೆಂಡಿನ ಹಿಡಿತಕ್ಕೆ ಒಂದಿಷ್ಟು ಅಭ್ಯಾಸ

ಪೂಲ್ ಆಟದಲ್ಲಿ ಬಿಳಿ ಚೆಂಡನ್ನು ಕ್ಯೂ ಎಂಬ ಕೋಲಿನಿಂದ ಹೊಡೆದು ಬಣ್ಣದ ಚೆಂಡನ್ನು ಪಾಕೆಟ್‌ಗೆ ಬೀಳಿಸಬೇಕು. ಅಭ್ಯಾಸವನ್ನು ಸ್ಟಾಪ್ ಶಾಟ್‌ನಿಂದಲೇ ಶುರು ಮಾಡಿ. ಬಣ್ಣದ ಚೆಂಡನ್ನು ಮೂಲೆ ಪಾಕೆಟ್‌ನಿಂದ ಎರಡು ಅಡಿ ದೂರದಲ್ಲಿಡಿ. ಅದೇ ನೇರಕ್ಕೆ ಒಂದು ಅಡಿ ಹಿಂದೆ ಬಿಳಿ ಚೆಂಡು. ಬಣ್ಣದ್ದು ಒಳಗೆ ಬೀಳಬೇಕು, ಬಿಳಿಯದು ತಾಗಿದಲ್ಲೇ ನಿಲ್ಲಬೇಕು. ಹತ್ತರಲ್ಲಿ ಎಂಟು ಸಲ ಬಂದರೆ ಎರಡೂ ಚೆಂಡುಗಳ ನಡುವಿನ ಅಂತರವನ್ನು ಎರಡು ಅಡಿಗೆ, ಆಮೇಲೆ ಮೂರಕ್ಕೆ ಹೆಚ್ಚಿಸಿ.

ದೂರ ಹೆಚ್ಚಿದಂತೆ ಬಿಳಿ ಚೆಂಡನ್ನು ಮಧ್ಯಕ್ಕಿಂತ ಇನ್ನಷ್ಟು ಕೆಳಗೆ ಅಥವಾ ಜೋರಾಗಿ ಹೊಡೆಯಬೇಕು. ಕಾರಣ ಇಷ್ಟೇ: ಮೇಜಿನ ಬಟ್ಟೆಯ ಘರ್ಷಣೆ ಚೆಂಡಿನ ಹಿಮ್ಮುಖ ತಿರುಗುವಿಕೆಯನ್ನು, ಅಂದರೆ ಬ್ಯಾಕ್‌ಸ್ಪಿನ್ ಅನ್ನು ತಿಂದುಹಾಕುತ್ತದೆ. ತಾಗುವ ಗಳಿಗೆಯಲ್ಲಿ ಬಿಳಿ ಚೆಂಡು ಜಾರುತ್ತಿರಬೇಕು, ಉರುಳುತ್ತಿರಬಾರದು. ಮುಂದಕ್ಕೆ ಹೋಯಿತೆಂದರೆ ಸ್ಪಿನ್ ಮೊದಲೇ ಮುಗಿದಿದೆ. ಹಿಂದಕ್ಕೆ ಬಂತೆಂದರೆ ಇನ್ನೂ ಉಳಿದಿದೆ. ಪಕ್ಕಕ್ಕೆ ಸರಿದರೆ ನೇರ ತಾಗಿಲ್ಲ. ನಿಂತಲ್ಲೇ ಗಿರ್ರನೆ ತಿರುಗಿದರೆ ಕ್ಯೂ ಮಧ್ಯರೇಖೆಯಿಂದ ಎಡಕ್ಕೋ ಬಲಕ್ಕೋ ತಾಗಿದೆ. ಬಹುತೇಕರ ತೊಂದರೆ ಈ ಕೊನೆಯದೇ, ಆದರೆ ಚೆಂಡು ಪಾಕೆಟ್‌ಗೆ ಬಿದ್ದ ಖುಷಿಯಲ್ಲಿ ಯಾರೂ ಗಮನಿಸುವುದಿಲ್ಲ!

ಚೆಂಡಿನ ವ್ಯಾಸ ಸುಮಾರು 57 ಮಿ.ಮೀ. ಮಧ್ಯದಿಂದ 14 ಮಿ.ಮೀ.ಗಿಂತ ಕೆಳಗಿಳಿದರೆ ಕ್ಯೂವಿನ ತುದಿ ಜಾರಿ ಹೊಡೆತ ಕೆಡುತ್ತದೆ, ಅಂದರೆ ಮಿಸ್‌ಕ್ಯೂ ಆಗುತ್ತದೆ. ಪ್ರತಿ ಹೊಡೆತಕ್ಕೂ ಆ ತುದಿಗೆ ಚಾಕ್ ಹಚ್ಚಿ, ಕ್ಯೂವಿನ ಹಿಂಭಾಗ ಮೇಲೇಳದಂತೆ ನೋಡಿಕೊಳ್ಳಿ.

ಇನ್ನು ಕೋನದ ಹೊಡೆತ. ಜಾರುತ್ತಾ ತಾಗಿದ ಬಿಳಿ ಚೆಂಡು ಬಣ್ಣದ ಚೆಂಡಿನ ದಾರಿಗೆ 90 ಡಿಗ್ರಿಯಲ್ಲಿ ಹೊರಡುತ್ತದೆ. ಸಹಜವಾಗಿ ಉರುಳುತ್ತಾ ಅರ್ಧ ಚೆಂಡಿನಷ್ಟು (ಬಿಳಿ ಚೆಂಡಿನ ನಡು ಬಣ್ಣದ ಚೆಂಡಿನ ಅಂಚಿನ ನೇರಕ್ಕೆ) ತಾಗಿದರೆ ತನ್ನ ಮೂಲ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ. ಆ ದಾರಿಯಲ್ಲಿ ಒಂದು ಎ4 ಹಾಳೆ ಹಾಸಿ, ಬಿಳಿ ಚೆಂಡು ಅದರ ಮೇಲೆ ನಿಲ್ಲುವಂತೆ ವೇಗ ಹೊಂದಿಸಿ. ಸುಲಭವೆನಿಸಿದಾಗ ಹಾಳೆಯನ್ನು ಅರ್ಧಕ್ಕೆ ಮಡಚಿ.