ನೋಟಿಸ್ ಬೇರೆ, ಡಿಕ್ರಿ ಬೇರೆ

ಓನರ್‌ಗಳ ಪರವಾಗಿ ಬಾಡಿಗೆ ಮನೆ ನೋಡಿಕೊಳ್ಳುವ ನಮ್ಮ ಕಂಪನಿಯ ಆಪ್‌ನಲ್ಲಿ ಮನೆ ಬಿಡುವ ನೋಟಿಸ್ ಅವಧಿ ಮುಗಿದ ಮರುದಿನವೇ ಬಾಡಿಗೆದಾರರ ಹೆಸರಿನ ಮುಂದೆ 'ಓವರ್‌ಸ್ಟೇ' ಅಂತ ಕೆಂಪಕ್ಷರ ಬೀಳುತ್ತೆ. ಅದರ ಹಿಂದೆಯೇ 'ಲಾಕ್ ಚೇಂಜ್' ಟಿಕೆಟ್, ಅಂದರೆ ಬೀಗ ಬದಲಿಸುವ ಕೆಲಸದ ಆದೇಶ, ತಾನಾಗೇ ಹುಟ್ಟುತ್ತೆ. ಇದನ್ನು ಡಿಸೈನ್ ಮಾಡಿದವರು ಯಾರ ಮನೆ ಬಾಗಿಲ ಮುಂದೆಯೂ ಬೀಗದವರ ಜೊತೆ ನಿಂತವರಲ್ಲ.

ಬೆಂಗಳೂರಿನ ಒಂದು ಟೂ ಬಿಎಚ್‌ಕೆ. ಓನರ್ ಹೊರದೇಶದಲ್ಲಿ, ಜಿಪಿಎ (ಅವರ ಪರ ವ್ಯವಹರಿಸುವ ಅಧಿಕಾರಪತ್ರ) ತಮ್ಮನ ಹೆಸರಲ್ಲಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಿತ್ತು, ಬಾಡಿಗೆ ಬಾಕಿ ಇತ್ತು, 106 ನೋಟಿಸ್ (ಬಾಡಿಗೆ ಕರಾರು ಮುಗಿಸುವ ಕಾನೂನು ನೋಟಿಸ್) ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ತಲುಪಿ ಹದಿನೈದು ದಿನವೂ ದಾಟಿತ್ತು. ಟಿಕೆಟ್ ನನಗೆ ಬಂತು.

ಬೆಲ್ ಮಾಡಿದೆ, ಯಾರೂ ತೆಗೆಯಲಿಲ್ಲ. ಬೀಗದವರು ಎರಡು ಸ್ಕ್ರೂ ಬಿಚ್ಚಿದ್ದರು. ಅಷ್ಟರಲ್ಲಿ ಯುಟಿಲಿಟಿಯ ಗ್ರಿಲ್ ಕಡೆ ಕಣ್ಣು ಹೋಯಿತು. ಸ್ಟ್ಯಾಂಡ್ ಮೇಲೆ ಚಿಕ್ಕ ಸ್ಕೂಲ್ ಯೂನಿಫಾರ್ಮ್, ಇನ್ನೂ ನೀರು ತೊಟ್ಟಿಕ್ಕುತ್ತಿದೆ. "ಅಣ್ಣ, ಸ್ವಲ್ಪ ನಿಲ್ಸಿ" ಅಂದು ನನ್ನ ಟೀಮ್ ಲೀಡರ್‌ಗೆ (ಟಿಎಲ್) ಫೋನ್ ಮಾಡಿದೆ. "ಆ ಮನೆ ರೆಂಟ್ ಆಕ್ಟ್ ಒಳಗೆ ಬರಲ್ಲ ಕಣ್ರೀ, ನೋಟಿಸ್ ಮುಗಿದಿದೆ, ಮುಂದುವರಿಸಿ" ಅಂದರು. ಫೋನ್ ಕಿವಿಯಲ್ಲಿದ್ದಾಗಲೇ ಲಿಫ್ಟ್ ತೆರೆಯಿತು. ಮಗುವಿನ ಕೈ ಹಿಡಿದು ಆ ಮನೆಯ ಬಾಡಿಗೆದಾರರು ಬಂದರು. ಆಕೆ ಕೂಗಾಡಲಿಲ್ಲ. ಬೀಗದವರ ಅಂಗೈಲಿದ್ದ ಸ್ಕ್ರೂ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಕೋರ್ಟ್ ಆರ್ಡರ್ ಇದೆಯಾ ಸರ್?"

ನೋಟಿಸ್ ಕಾಪಿ ಚಾಚಿದೆ.

"ಇದು ನನಗೂ ಬಂದಿದೆ. ನಾನು ಕೇಳ್ತಿರೋದು ಆರ್ಡರ್."

ನನ್ನ ಹತ್ತಿರ ಉತ್ತರವಿರಲಿಲ್ಲ. ಕಂಪನಿಯ ಪ್ಯಾನೆಲ್ ವಕೀಲರಿಗೆ ಫೋನ್ ಹಚ್ಚಿದೆ. ಅವರು ಎತ್ತುವ ತನಕ ಯಾರೂ ಮಾತಾಡಲಿಲ್ಲ. ಮಗು ಮಾತ್ರ ಒಳಗೆ ಹೋಗೋಣ ಅಂತ ಅಮ್ಮನ ಕೈ ಎಳೆಯುತ್ತಿತ್ತು. ಎತ್ತಿದವರು ಹೇಳಿದ್ದು ಒಂದೇ ಮಾತು: "ಸ್ಕ್ರೂ ವಾಪಸ್ ಹಾಕಿಸಿ, ಕ್ಷಮೆ ಕೇಳಿ, ಹೊರಡಿ."

ಟಿಎಲ್ ಹೇಳಿದ್ದರಲ್ಲಿ ಅರ್ಧ ನಿಜ. 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ಬಾಡಿಗೆಯ ಮಿತಿ ಇದೆ; ಅದಕ್ಕಿಂತ ಹೆಚ್ಚಿದ್ದರೆ ಆ ಕಾಯ್ದೆ ಅನ್ವಯಿಸಲ್ಲ. ನಾವು ನೋಡಿಕೊಳ್ಳುವ ಮನೆ ಒಂದೂ ಅದರೊಳಗೆ ಬರಲ್ಲ. ಆದರೆ ಆ ಕಾಯ್ದೆ ಅನ್ವಯಿಸದಿದ್ದರೆ ಓನರ್ ಮನೆ ಬಿಡಿಸಲು ಅದರ 27ನೇ ಸೆಕ್ಷನ್ ಹೇಳುವ ಕಾರಣಗಳನ್ನು ತೋರಿಸಬೇಕಿಲ್ಲ, ಅಷ್ಟೇ. ಕೋರ್ಟಿಗೆ ಹೋಗುವುದನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಕೊಟ್ಟ ನೋಟಿಸ್ ಬಾಡಿಗೆ ಕರಾರನ್ನು ಮುಗಿಸುತ್ತೆ, ಸ್ವಾಧೀನವನ್ನಲ್ಲ. ಮನೆ ಬಿಡದಿದ್ದರೆ ಇಜೆಕ್ಟ್‌ಮೆಂಟ್ (ಮನೆ ಬಿಡಿಸುವ) ದಾವೆ, ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ), ಅದನ್ನು ಜಾರಿ ಮಾಡಿಸುವ ಎಕ್ಸಿಕ್ಯೂಷನ್, ಮನೆ ವಶಕ್ಕೆ ಕೊಡಿಸುವ ಡೆಲಿವರಿ ವಾರಂಟ್ ಹಿಡಿದು ಬರುವ ಅಮೀನರು (ಕೋರ್ಟ್ ಸಿಬ್ಬಂದಿ). ಬೇರೆ ದಾರಿ ಇಲ್ಲ. ನೆಲೆ ನಿಂತ ಸ್ವಾಧೀನದಲ್ಲಿರುವವರಿಗೆ ಅಲ್ಲಿರುವ ಹಕ್ಕು ಇಲ್ಲದಿದ್ದರೂ ಮಾಲೀಕ ಕಾನೂನಿನ ಮೂಲಕವೇ ಬಿಡಿಸಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಕೃಷ್ಣರಾಮ್ ಮಹಾಲೆ ಪ್ರಕರಣದಲ್ಲಿ ಹೇಳಿದೆ.

ಆ ದಿನ ಬೀಗ ಬದಲಾಗಿಬಿಟ್ಟಿದ್ದರೆ ಆಕೆ ಆರು ತಿಂಗಳೊಳಗೆ 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್ 6ನೇ ಸೆಕ್ಷನ್ನಿನಡಿ ದಾವೆ ಹೂಡಿ ಮನೆಯನ್ನು ವಾಪಸ್ ಪಡೆಯಬಹುದಿತ್ತು. ಮನೆ ಯಾರದ್ದು ಅನ್ನೋ ಪ್ರಶ್ನೆಯೇ ಅಲ್ಲಿ ಬರಲ್ಲ. ಆದರೆ ಮಗುವನ್ನು ಕಟ್ಟಿಕೊಂಡು ಆ ರಾತ್ರಿ ಎಲ್ಲಿ ಮಲಗುವುದು? ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ. ನೀರು, ಕರೆಂಟ್ ನಿಲ್ಲಿಸಿ 'ಪ್ರೆಶರ್' ಹಾಕೋಣ ಅಂತ ಮೀಟಿಂಗಲ್ಲಿ ಹೇಳುವವರಿಗೂ ನಾನು ಇದನ್ನೇ ಕೇಳ್ತೀನಿ.

ಆಮೇಲೆ ಕೂತು ಮಾತಾಡಿದಾಗ ತಿಳಿಯಿತು, ಆಕೆಗೆ ಕೆಲಸ ಹೋಗಿತ್ತು. ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ, ಮಗುವಿನ ಪರೀಕ್ಷೆ ಮುಗಿದ ಮೇಲೆ ಖಾಲಿ ಮಾಡ್ತೀನಿ ಅಂತ ಬರೆದುಕೊಟ್ಟರು. ಹಾಗೇ ಮಾಡಿದರು. ಟಿಕೆಟ್ ಹುಟ್ಟುವ ಮೊದಲು ಯಾರೂ ಅವರಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ.

ಡಿಕ್ರಿ ಮತ್ತು ವಾರಂಟ್ ಅಪ್‌ಲೋಡ್ ಮಾಡದೆ ಲಾಕ್ ಚೇಂಜ್ ಟಿಕೆಟ್ ತೆರೆಯಲೇಬಾರದು ಅಂತ ಪ್ರಾಡಕ್ಟ್ ಟೀಮಿಗೆ ಬರೆದಿದ್ದೇನೆ. 'ಬ್ಯಾಕ್‌ಲಾಗ್‌ನಲ್ಲಿದೆ' ಅನ್ನುತ್ತಾರೆ. ಅಲ್ಲಿಯವರೆಗೆ ನನ್ನ ಟೀಮಿನವರಿಗೆ ಹೇಳಿದ್ದೇನೆ: ಕೋರ್ಟ್ ಅಮೀನರು ಜೊತೆಗಿಲ್ಲದೆ ಬೀಗದವರನ್ನು ಕರೆಯಬೇಡಿ, ಮೇಲಿನವರು ಕೇಳಿದರೆ ಟಿಕೆಟ್ ನನ್ನ ಹೆಸರಿಗೆ ಹಾಕಿ.