ತಿದ್ದಲು ಬರುವ ಹೊತ್ತು, ತಿದ್ದಲು ಬಾರದ ಹೊತ್ತು

ಕಳೆದ ತಿಂಗಳು ನಮ್ಮೂರಿನ ತಾಳಮದ್ದಳೆಯೊಂದರ (ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ ಪ್ರಸಂಗದ) ಆಮಂತ್ರಣ ಪತ್ರಿಕೆಯನ್ನು ಹನ್ನೊಂದು ಸಲ ಬದಲಿಸಿದೆ. ಮಾಡಿದ್ದನ್ನೆಲ್ಲ ಅಳಿಸಿ ಮತ್ತೆ ಮಾಡಲು ಕಂಪ್ಯೂಟರಿನಲ್ಲಿ ಅಡ್ಡಿಯಿಲ್ಲ. ಈ ಅನುಕೂಲವೇ ನನ್ನ ತೀರ್ಮಾನಗಳನ್ನು ಸಡಿಲಗೊಳಿಸುತ್ತಿದೆ ಎಂದು ಅಂದಿನಿಂದ ಅನಿಸತೊಡಗಿದೆ.

ಕಾಸರಗೋಡಿನ ಹತ್ತಿ ಸೀರೆಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದನ್ನು ನೇಯುವವರು ಲಾಳಿ ಮುಟ್ಟುವ ಮೊದಲೇ ಮುಕ್ಕಾಲು ವಿನ್ಯಾಸವನ್ನು ಮುಗಿಸಿರುತ್ತಾರೆ. ಅಂಚಿನ ಅಗಲವೆಷ್ಟು, ಉದ್ದದ ಗೆರೆಗಳು ಯಾವ ಸರದಿಯಲ್ಲಿ ಬರಬೇಕು ಎಂಬುದೆಲ್ಲ ಬಣ್ಣದ ನೂಲನ್ನು ಹಾಸಿನಲ್ಲಿ, ಅಂದರೆ ಮಗ್ಗದ ಉದ್ದ ಎಳೆಗಳಲ್ಲಿ, ಜೋಡಿಸುವಾಗಲೇ ನಿರ್ಧಾರವಾಗುತ್ತದೆ. ಅಲ್ಲಿ ಎಣಿಕೆ ತಪ್ಪಿದರೆ ಆ ತಪ್ಪು ಸೀರೆಯ ಉದ್ದಕ್ಕೂ ಹರಿಯುತ್ತದೆ. ಆಮೇಲೆ ಕೈಗೆ ಉಳಿಯುವುದು ಅಡ್ಡ ಎಳೆಯಾದ ಹೊಕ್ಕು ಮಾತ್ರ.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕಾಣುವ ಕ್ರಮವೇ ಬೇರೆ. ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಗಳ ‘ಬಣ್ಣದ ವೇಷ’ ಕಟ್ಟುವ ಕಲಾವಿದರೊಬ್ಬರು ಅಕ್ಕಿ ಮತ್ತು ಸುಣ್ಣ ಅರೆದ ಹಿಟ್ಟಿನಿಂದ ಮುಖದ ಮೇಲೆ ಚಿಟ್ಟಿ (ಉಬ್ಬು ಚುಕ್ಕೆಗಳ ಸಾಲು) ಇಡುವುದನ್ನು ಒಮ್ಮೆ ಪಕ್ಕದಲ್ಲೇ ಕುಳಿತು ನೋಡಿದ್ದೆ. ಬಲಗೆನ್ನೆಗೆ ಒಂದು ಸಾಲು ಇಟ್ಟೊಡನೆ ಎಡಗೆನ್ನೆಗೆ ಅದರ ಜೋಡಿ ಸಾಲು ಬೀಳುತ್ತಿತ್ತು, ಪ್ರತಿ ಸಾಲಿಗೂ ಅವರು ಕನ್ನಡಿಯನ್ನು ಸ್ವಲ್ಪ ದೂರ ಹಿಡಿದು ನೋಡುತ್ತಿದ್ದರು. ನಕ್ಷೆ ಪರಂಪರೆಯದು, ಆದರೆ ಅದು ಕೂರಬೇಕಾದದ್ದು ಆ ದಿನದ ಆ ಮುಖದ ಮೇಲೆ. ಹೀಗಾಗಿ ತೀರ್ಮಾನ ಒಂದೇ ಸಲಕ್ಕೆ ಮುಗಿಯದೆ ಸಾಲು ಸಾಲಾಗಿ ನಡೆಯುತ್ತದೆ.

ತಾಳಮದ್ದಳೆಯಲ್ಲಿ ಹಾಡುಗಾರರಾದ ಭಾಗವತರ ಪದ್ಯವಷ್ಟೇ ಸ್ಥಿರ, ಅದನ್ನು ವಿಸ್ತರಿಸುವ ಮಾತು, ಅಂದರೆ ‘ಅರ್ಥ’, ಹುಟ್ಟುವುದು ಎದುರಿನವರ ಮಾತಿನಿಂದ. ಅರ್ಥಗಾರಿಕೆಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಮ್ಮ ಕಾಸರಗೋಡು ಜಿಲ್ಲೆಯವರು ಎಂಬುದು ನನಗೆ ಹೆಮ್ಮೆ. ಹೀಗೆ ಅರ್ಥ ಹೇಳುವ ಅರ್ಥಧಾರಿಯ ಸಿದ್ಧತೆಯೆಲ್ಲ ಓದಿನಲ್ಲಿ, ಪುರಾಣದ ಪರಿಚಯದಲ್ಲಿ ನಡೆದಿರುತ್ತದೆ. ವೇದಿಕೆಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ಪಡೆಯುವಂತಿಲ್ಲ, ಮುಂದಿನ ಮಾತಿನಿಂದಲೇ ಅದನ್ನು ಸರಿದೂಗಿಸಬೇಕು.

ಪುಟವಿನ್ಯಾಸಕ್ಕೆ ಹತ್ತಿರದ ಗುರು ಮಗ್ಗವೇ ಎಂದು ಈಗ ನಂಬಿದ್ದೇನೆ. ಇಂಗ್ಲಿಷಿಗಾಗಿ ಮಾಡಿದ ಸಿದ್ಧ ವಿನ್ಯಾಸದಲ್ಲಿ ಕನ್ನಡವನ್ನು ಸುರಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ (ಅಕ್ಷರದ ಮೇಲೆ ಬರುವ ‘ಇ’ಕಾರದ ಗುರುತಿಗೆ) ತಾಗುತ್ತದೆ. ನನ್ನ ಹನ್ನೊಂದು ತಿದ್ದುಪಡಿಗಳಲ್ಲಿ ಹೆಚ್ಚಿನವು ಈ ಒಂದು ತೊಂದರೆಯ ಸುತ್ತಲೇ ತಿರುಗಿದ್ದವು. ಆದ್ದರಿಂದ ಮುಂದಿನ ಪತ್ರಿಕೆಗೆ ಬಣ್ಣವನ್ನೂ ಚಿತ್ರವನ್ನೂ ಬದಿಗಿಟ್ಟು, ‘ರಾಷ್ಟ್ರ’ ಎಂಬ ಪದದ ಕೆಳಗೆ ‘ಕೀರ್ತಿ’ ಎಂದು ಬರೆದು, ಎರಡೂ ತಾಗದಷ್ಟು ಅಂತರವನ್ನು ಮೊದಲು ಗೊತ್ತುಮಾಡಿಕೊಂಡೆ. ಅಂಚು, ಅಕ್ಷರದ ಗಾತ್ರ, ಒಂದು ಪುಟದಲ್ಲಿ ಹಿಡಿಯುವ ಸಾಲುಗಳು ಎಲ್ಲವೂ ಅದನ್ನು ಹಿಡಿದೇ ಬಂದವು. ಮೂರನೆಯ ಕರಡು ಮುದ್ರಣಕ್ಕೆ ಹೋಯಿತು.