ಹೌದು, ಅದು ನಾಯಿನೇ. ಮುಂದೆ?

"ಇಷ್ಟು ಕಳಪೆ ಸಿನಿಮಾಗಳನ್ನ ಅದ್ಹೇಗೆ ನೋಡ್ತೀಯಾ?" ರಾಕ್ಷಸ ಇಲಿ, ದೈತ್ಯ ಮಿಡತೆ, ಮನುಷ್ಯರನ್ನು ತಿನ್ನುವ ಏಡಿ ಇರುವ ಹಳೇ ಸಿನಿಮಾಗಳ ಬಗ್ಗೆ ಈ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇಷ್ಟಪಟ್ಟೇ ನೋಡುತ್ತೇನೆ. ಗೇಲಿ ಮಾಡೋಕಲ್ಲ.

ಒಮ್ಮೆ ಗೆಳೆಯನೊಬ್ಬನಿಗೆ 1959ರ 'ದಿ ಕಿಲ್ಲರ್ ಶ್ರೂಸ್' (ಅಂದರೆ ಕೊಲೆಗಡುಕ ಸುಂಡಿಲಿಗಳು) ತೋರಿಸಿದೆ. ಮೊದಲ ಸುಂಡಿಲಿ ಓಡಿ ಬಂದದ್ದೇ ತಡ, "ಅಯ್ಯೋ, ಅದು ನಾಯಿ ಕಣೋ!" ಎಂದು ಬಿದ್ದು ಬಿದ್ದು ನಕ್ಕ. ಆಮೇಲೆ ಮುಗಿಯುವ ತನಕ ವೇಷ ಎಲ್ಲಿ ಜಾರಿದೆ ಅಂತ ಹುಡುಕುವುದೇ ಅವನ ಕೆಲಸ. ಹೌದಪ್ಪಾ, ನಾಯಿನೇ. ದುಡ್ಡಿರಲಿಲ್ಲ. ಓಡುವುದಕ್ಕೆ ವೇಷ ಹಾಕಿದ ನಾಯಿಗಳು, ಹತ್ತಿರದ ಶಾಟಿಗೆ ಕೈಗೊಂಬೆ. ಇದನ್ನು ಕಂಡುಹಿಡಿಯಲು ಜಾಣತನವೇನೂ ಬೇಡ, ಅಲ್ವಾ?

ಅವನು ಕತೆಯನ್ನೇ ಕೇಳಿಸಿಕೊಳ್ಳಲಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೆ. ದ್ವೀಪವೊಂದರಲ್ಲಿ ಒಬ್ಬ ವಿಜ್ಞಾನಿ. ಜನ ಜಾಸ್ತಿಯಾಗಿ ಲೋಕಕ್ಕೆ ಊಟ ಸಾಲದ ಕಾಲ ಬರುತ್ತದೆ, ಮನುಷ್ಯರನ್ನೇ ಗಿಡ್ಡ ಮಾಡಿದರೆ ಕಡಿಮೆ ತಿನ್ನುತ್ತಾರೆ ಎನ್ನುವುದು ಅವನ ಲೆಕ್ಕ. ಪ್ರಯೋಗ ನಡೆದದ್ದು ಸುಂಡಿಲಿಗಳ ಮೇಲೆ. ಅವು ಉಲ್ಟಾ ನಾಯಿಯಷ್ಟು ದೊಡ್ಡದಾಗಿ ತಪ್ಪಿಸಿಕೊಳ್ಳುತ್ತವೆ. ಈಗ ನಿಜವಾದ ಸುಂಡಿಲಿಯನ್ನು ನೆನೆಸಿಕೊಳ್ಳಿ. ಚೂಪು ಮೂತಿಯ ಪುಟ್ಟ ಪ್ರಾಣಿ, ಕೆಲವು ಜಾತಿಗಳು ದಿನಕ್ಕೆ ತಮ್ಮ ತೂಕಕ್ಕಿಂತ ಜಾಸ್ತಿ ತಿನ್ನುತ್ತವೆ, ಕೆಲವೇ ಗಂಟೆ ಹೊಟ್ಟೆಗೆ ಬೀಳದಿದ್ದರೆ ಸತ್ತೇ ಹೋಗುತ್ತವೆ. ಆ ಹಸಿವು ನಾಯಿಯಷ್ಟು ಬೆಳೆದರೆ? ಹಸಿವು ಕಳೆಯಲು ಹೊರಟವನು ಹಸಿವನ್ನೇ ಸಾಕಿ ಬೆಳೆಸಿದ. ನನಗೆ ಭಯವಾಗುವುದು ಇಲ್ಲಿ. ಆ ಭಯಕ್ಕೆ ನಾಯಿಗೆ ಅಂಟಿಸಿದ ರೋಮ ಅಡ್ಡ ಬರುವುದಿಲ್ಲ.

ನನ್ನನ್ನು ಕೇಳಬೇಕಾದ್ದು ಬೇರೆ: ದುಡ್ಡಿಲ್ಲದೆ ಭಯ ಹುಟ್ಟಿಸುವುದು ಹೇಗೆ? ಕೇಳಿದರೆ ಕೊನೆಯ ದೃಶ್ಯ ತೋರಿಸುತ್ತೇನೆ. ದ್ವೀಪದಲ್ಲಿ ಸಿಕ್ಕಿಬಿದ್ದವರು ಕಬ್ಬಿಣದ ಡ್ರಮ್ಮುಗಳನ್ನು ಬೋರಲು ಹಾಕಿ, ಒಂದಕ್ಕೊಂದು ಬಿಗಿದು, ಒಳಗೆ ಕುಕ್ಕರಗಾಲಲ್ಲಿ ಕೂತು, ಡ್ರಮ್ಮನ್ನು ಹೊತ್ತುಕೊಂಡೇ ತೆವಳುತ್ತಾ ಸಮುದ್ರದ ಕಡೆ ಹೋಗುತ್ತಾರೆ. ನೋಡಲು ಸಣ್ಣ ಸಂದು. ಸುತ್ತಲೂ ಸುಂಡಿಲಿಗಳು, ನಡುವೆ ಒಂದು ತಗಡು. ಸಲಕರಣೆ ಅಷ್ಟೇ. ಪ್ರತಿ ಸಲವೂ ಅವರು ನೀರು ಮುಟ್ಟುವ ತನಕ ನಾನು ಉಸಿರು ಬಿಗಿಹಿಡಿದೇ ಕೂತಿರುತ್ತೇನೆ.